ಮೂರು ದಿನಗಳ ಮೈಸೂರು ವಾಸ

ಪ್ರವಾಸವೆಂದೊಡನೆ ನಮ್ಮ ಸಮಾಜದ ಬಂಧುಗಳಿಗೆ ಕೂಡಲಸಂಗಮ, ಬಸವಕಲ್ಯಾಣ, ಉಳವಿ, ಶ್ರೀಶೈಲಗಳು ನೆನಪಾಗುವುದು ಸಹಜ. ಆ ಪುಣ್ಯಕ್ಷೇತ್ರಗಳನ್ನು ಕುರಿತು ಬರೆದವರು ಅನೇಕರಿದ್ದಾರೆ. ನಾವೂ ನಮ್ಮ ಅಳವಿಗೆ ತಕ್ಕಷ್ಟು ಬರೆದಿದ್ದೇವೆ. ಈ ಬಾರಿ ಓದುಗರ ಮುಂದಿಡುತ್ತಿರುವುದು ಕ್ಷೇತ್ರಯಾತ್ರೆಯ ವೃತ್ತಾಂತವಲ್ಲ. ಮೈಸೂರಿನ ಒಂದು ಮನೆಯಲ್ಲಿ ಕಳೆದ ಮೂರು ರಜಾದಿನಗಳ ಸಂಗತಿ. ಅಡುಗೆಮನೆಯಲ್ಲಿ ಬ್ರೆಡ್ಡು ಬೇಯಿಸಿದ್ದು, ದೂರದರ್ಶನ ನೋಡಿದ್ದು, ಮೃಗಾಲಯಕ್ಕೆ ಹೋಗಿ ಬಂದದ್ದು, ಇಷ್ಟೇ ಅದರ ವಿಸ್ತಾರ. ಇದರಲ್ಲಿ ಬರೆಯುವಂಥದ್ದೇನಿದೆ ಎಂದು ಯಾರಾದರೂ ಕೇಳಬಹುದು. ಅರವತ್ತಾರು ವರ್ಷ ತುಂಬಿದ ನಮಗೆ ಅಲ್ಲೊಂದು ಪಾಠ ಕಾದಿತ್ತು, ಅದನ್ನು ಹಂಚಿಕೊಳ್ಳಬೇಕೆನಿಸಿತು.

2025ರ ಆಗಸ್ಟ್ 15 ಶುಕ್ರವಾರ ಬಂದುದರಿಂದ ಶನಿವಾರ, ಭಾನುವಾರಗಳೂ ಕೂಡಿ ಮೂರು ದಿನಗಳ ಬಿಡುವು ಒದಗಿತು. ಅದು ಶ್ರಾವಣ ಮಾಸ. ನಮ್ಮೂರಿನ ಮಠದಲ್ಲಿ ಮೂರು ವಾರಗಳಿಂದ ಪ್ರತಿದಿನ ಸಂಜೆ ನಾವು ಪ್ರವಚನ ಮಾಡುತ್ತಿದ್ದೆವು. ವಿಷಯ, ಶರಣರ ಸಂಗ. ಕಲ್ಯಾಣದ ಅನುಭವ ಮಂಟಪದಲ್ಲಿ ಅಂಬಿಗರೂ ಮಡಿವಾಳರೂ ನುಲಿ ಹೊಸೆಯುವವರೂ ಒಂದೆಡೆ ಕುಳಿತು ಒಬ್ಬರ ಮಾತನ್ನೊಬ್ಬರು ಆಲಿಸಿದರೆಂಬುದನ್ನು ಬಗೆಬಗೆಯಾಗಿ ವಿವರಿಸುತ್ತಿದ್ದೆವು. ಆ ಮೂರು ದಿನ ಬೇರೊಬ್ಬ ವಿದ್ವಾಂಸರು ಪ್ರವಚನದ ಹೊಣೆಯನ್ನು ಹೊತ್ತರು. ನಾವು ಮೈಸೂರಿನ ಸರಸ್ವತಿಪುರಂನಲ್ಲಿರುವ ತಮ್ಮನ ಮನೆಗೆ ಹೊರಟೆವು.

ತಮ್ಮ ನಮಗಿಂತ ಮೂರು ವರ್ಷ ಕಿರಿಯ. ಸರ್ಕಾರಿ ಸೇವೆಯಿಂದ ನಿವೃತ್ತನಾದವನು. ಅವನ ಧರ್ಮಪತ್ನಿ ಹಿಂದಿನ ವರ್ಷ ಮಾರ್ಗಶಿರದಲ್ಲಿ ಲಿಂಗೈಕ್ಯಳಾದಳು. ಅಂದಿನಿಂದ ಆ ಮನೆಯಲ್ಲಿ ಅವನೊಬ್ಬನೇ. ಬೆಂಗಳೂರಿನಲ್ಲಿರುವ ಮಗಳು ವಾರಕ್ಕೆರಡು ಬಾರಿ ದೂರವಾಣಿಯಲ್ಲಿ ವಿಚಾರಿಸುತ್ತಾಳೆ. ಈ ರಜೆಗೆ ಅವಳೂ ಅಳಿಯನೂ ಹನ್ನೆರಡು ವರ್ಷದ ಮೊಮ್ಮಗಳೂ ಆರು ವರ್ಷದ ಮೊಮ್ಮಗನೂ ಬಂದಿದ್ದರು. "ದೊಡ್ಡಪ್ಪ, ಅಪ್ಪ ಯಾರೊಂದಿಗೂ ಮಾತನಾಡುವುದಿಲ್ಲ. ನೀವು ಬಂದು ಸ್ವಲ್ಪ ಬುದ್ಧಿ ಹೇಳಿ" ಎಂದು ಅವಳೇ ನಮ್ಮನ್ನು ಕರೆಸಿಕೊಂಡಿದ್ದಳು.

ಶುಕ್ರವಾರ ಬೆಳಗ್ಗೆ ನಾವು ಮನೆಯನ್ನು ಹೊಕ್ಕಾಗ ದೂರದರ್ಶನದಲ್ಲಿ ಕೆಂಪುಕೋಟೆಯ ಧ್ವಜಾರೋಹಣದ ದೃಶ್ಯಗಳು ಬರುತ್ತಿದ್ದವು. ತಮ್ಮ ಎದ್ದು ಬಂದು ನಮಸ್ಕರಿಸಿದ, ಯೋಗಕ್ಷೇಮ ವಿಚಾರಿಸಿದ, ಮತ್ತೆ ತನ್ನ ಕುರ್ಚಿಗೆ ಮರಳಿದ. ಪಕ್ಕದಲ್ಲಿ ಇನ್ನೊಂದು ಬೆತ್ತದ ಕುರ್ಚಿಯಿತ್ತು. ಮೊಮ್ಮಗ ಅದರ ಮೇಲೆ ಹತ್ತಲು ಹೋದಾಗ "ಅಲ್ಲಿ ಬೇಡ ಮರಿ" ಎಂದು ಮೆಲ್ಲಗೆ ತಡೆದ. ಆಗ ನಾವು ಅದನ್ನು ಹೆಚ್ಚಾಗಿ ಗಮನಿಸಲಿಲ್ಲ. ವಾರ್ತೆ ಮುಗಿದು ಚಲನಚಿತ್ರ ಬಂತು, ಅದು ಮುಗಿದು ಧಾರಾವಾಹಿ ಬಂತು; ಅವನು ಕದಲಲಿಲ್ಲ. ಊಟದ ತಟ್ಟೆಯೂ ಅಲ್ಲಿಗೇ ಹೋಯಿತು.

ದೂರದರ್ಶನಕ್ಕೆ ನಾವು ಹಗೆಗಳಲ್ಲ. ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಪ್ರಯೋಗರೂಪದಲ್ಲಿ ಆರಂಭವಾದ ಆ ಮಾಧ್ಯಮ ನಮ್ಮ ಹಳ್ಳಿಗಳನ್ನು ಮುಟ್ಟಲು ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. 1987ರ ಜನವರಿ 25ರಂದು ರಾಮಾಯಣ ಧಾರಾವಾಹಿ ಮೊದಲಾದಾಗ ನಾವು ಮಠದ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದೆವು. ಊರಿಗೆಲ್ಲ ಇದ್ದ ಒಂದೇ ಪೆಟ್ಟಿಗೆ ಮಠದ ಪಡಸಾಲೆಯಲ್ಲಿತ್ತು. ಭಾನುವಾರ ಬೆಳಗ್ಗೆ ಪಾದರಕ್ಷೆಗಳನ್ನು ಹೊರಗೆ ಬಿಟ್ಟು, ಮಕ್ಕಳನ್ನು ತೊಡೆಯ ಮೇಲಿರಿಸಿಕೊಂಡು, ಎಲ್ಲ ಕೇರಿಗಳ ಜನರೂ ಬಂದು ಕೂರುತ್ತಿದ್ದರು. ಹಿಂದಿ ಬಾರದವರಿಗೆ ನಾವು ನಡುನಡುವೆ ಅರ್ಥ ಹೇಳುತ್ತಿದ್ದೆವು. ಒಂದು ಪೆಟ್ಟಿಗೆ ಒಂದು ಊರನ್ನು ಕೂಡಿಸುತ್ತಿದ್ದ ಕಾಲವದು. ಈಗ ಒಂದು ಮನೆಯಲ್ಲಿ ನಾಲ್ಕು ಪರದೆಗಳು, ನಾಲ್ಕು ಮೂಲೆಗಳು. ತಮ್ಮನ ಮನೆಯಲ್ಲಿಯೂ ಅಳಿಯನ ಕೈಯಲ್ಲೊಂದು, ಮೊಮ್ಮಗನ ಕೈಯಲ್ಲೊಂದು ಮೊಬೈಲು. ಇದನ್ನು ಕಂಡು ನಮ್ಮ ಮನಸ್ಸು ಕಹಿಯಾಯಿತು.

ರಾತ್ರಿ ಎಲ್ಲರೂ ಪ್ರಸಾದಕ್ಕೆ ಕುಳಿತೆವು. ಎರಡು ಸಾರಿ ಕರೆದರೂ ತಮ್ಮ ಬರಲಿಲ್ಲ. ನಾವು ಎದ್ದು ಹೋಗಿ ದೂರದರ್ಶನವನ್ನು ಆರಿಸಿದೆವು. "ಪೆಟ್ಟಿಗೆಯ ಮುಂದೆ ಕುಳಿತು ಆಯುಷ್ಯ ಕಳೆಯುತ್ತೀಯಲ್ಲ! ನಮ್ಮ ತಂದೆಯವರು ಕಲಿಸಿದ್ದು ಇದೇ ಏನು? ಪಂಕ್ತಿಯಲ್ಲಿ ಕೂತು ಉಣ್ಣುವುದನ್ನೂ ಮರೆತೆಯಾ?" ಎಂದೆವು. ದನಿ ಸ್ವಲ್ಪ ಗಡುಸಾಗಿಯೇ ಇತ್ತು. ತಮ್ಮ ಎದುರಾಡಲಿಲ್ಲ. ನಮ್ಮನ್ನೊಮ್ಮೆ, ಕಪ್ಪಾದ ಪರದೆಯನ್ನೊಮ್ಮೆ ನೋಡಿ, ಒಳಗೆ ಹೋಗಿ ಮಲಗಿಬಿಟ್ಟ. ಆ ರಾತ್ರಿ ಅವನು ಉಣ್ಣಲಿಲ್ಲ. ಹಿರಿಯನ ಕರ್ತವ್ಯ ಮಾಡಿದೆವೆಂಬ ಸಮಾಧಾನದಿಂದ ನಾವು ಉಂಡೆವು. ಅದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಶನಿವಾರ ಲಿಂಗಪೂಜೆ ಮುಗಿಸಿ ಅಡುಗೆಮನೆಯ ಕಡೆ ಹೋದಾಗ ಮಗಳು ಕಣ್ಣೊರೆಸಿಕೊಳ್ಳುತ್ತಿದ್ದಳು. "ದೊಡ್ಡಪ್ಪ, ನಾನೇ ನಿಮಗೆ ಸರಿಯಾಗಿ ಹೇಳಲಿಲ್ಲ" ಎಂದು ಮಾತು ತೆಗೆದಳು. ಆ ಬೆತ್ತದ ಕುರ್ಚಿ ಅವಳ ತಾಯಿಯದು. 2002ರಲ್ಲಿ ಚಂದನ ವಾಹಿನಿಯಲ್ಲಿ 'ಥಟ್ ಅಂತ ಹೇಳಿ' ರಸಪ್ರಶ್ನೆ ಆರಂಭವಾದಂದಿನಿಂದ ಗಂಡಹೆಂಡಿರು ಅದನ್ನು ವರ್ಷಗಟ್ಟಲೆ ಪಕ್ಕಪಕ್ಕದಲ್ಲಿ ಕುಳಿತು ನೋಡಿದವರು. ಸ್ಪರ್ಧಿಗಳಿಗಿಂತ ಮೊದಲು ಉತ್ತರ ಹೇಳುವುದು ಆಕೆಯ ಹವ್ಯಾಸ. ತಪ್ಪಿದಾಗ ಛೇಡಿಸುವುದು ಇವನ ಹವ್ಯಾಸ. 2020ರ ಮಾರ್ಚ್ ಕೊನೆಯಲ್ಲಿ ಕೊರೋನಾದ ಕಾರಣ ದೇಶವೆಲ್ಲ ಬಾಗಿಲು ಮುಚ್ಚಿ ಕುಳಿತಾಗ ದೂರದರ್ಶನ ರಾಮಾಯಣವನ್ನು ಮರುಪ್ರಸಾರ ಮಾಡಿತಷ್ಟೆ. ಅದನ್ನೂ ಇಬ್ಬರೂ ಹಾಗೆಯೇ ನೋಡಿದರಂತೆ. "ಅಪ್ಪ ಕಾರ್ಯಕ್ರಮ ನೋಡುವುದಿಲ್ಲ ದೊಡ್ಡಪ್ಪ. ಮನೆಯಲ್ಲಿ ಮನುಷ್ಯರ ದನಿ ಕೇಳಿಸಲಿ ಅಂತ ಹಾಕಿಕೊಂಡಿರುತ್ತಾರೆ. ಆರಿಸಿದರೆ ಮನೆ ತೀರಾ ನಿಶ್ಶಬ್ದವಾಗುತ್ತದೆ ಅಂತಾರೆ."

ನಾವು ಮಾತಿಲ್ಲದೆ ನಿಂತೆವು. ಮೂರು ವಾರ ಸಂಗದ ಮಹಿಮೆಯನ್ನು ಸಾರಿ ಬಂದವರು, ಸಂಗವನ್ನು ಕಳೆದುಕೊಂಡವನ ಮುಂದಿದ್ದ ಒಂದು ದನಿಯನ್ನೂ ಆರಿಸಿದ್ದೆವು.

ಅಡುಗೆಮನೆಯಲ್ಲಿ ಅಂದು ಬೇರೆಯೇ ಗದ್ದಲ. ಕಟ್ಟೆಯ ಮೇಲೆ ಒಂದು ವಿದ್ಯುತ್ ಓವನ್ ಇತ್ತು. ಅದೂ ಆ ತಾಯಿಯೇ 2020ರಲ್ಲಿ ಕೊಂಡದ್ದು, ದೂರದರ್ಶನದ ಅಡುಗೆ ಕಾರ್ಯಕ್ರಮಗಳನ್ನು ನೋಡಿ ಬ್ರೆಡ್ಡು ಬಿಸ್ಕತ್ತು ಕಲಿತದ್ದೂ ಆಗಲೇ. ಅಜ್ಜಿಯಂತೆ ತಾನೂ ರಾಗಿ ಬ್ರೆಡ್ಡು ಮಾಡುತ್ತೇನೆಂದು ಮೊಮ್ಮಗಳು ಹಿಂದಿನ ದಿನವೇ ಹಟ ಹಿಡಿದು, ಬರೀ ರಾಗಿಹಿಟ್ಟಿನಲ್ಲಿ ಒಂದನ್ನು ಬೇಯಿಸಿದ್ದಳು. ಅದು ಉಬ್ಬದೆ, ಇಟ್ಟಿಗೆಯಂತೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು.

ನಮ್ಮ ಕಾಲದ ಮನೆಗಳಲ್ಲಿ ಬೇಕರಿಯ ತಿನಿಸೆಂದರೆ ಮೊಟ್ಟೆಯ ಶಂಕೆ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತೆರೆದ ಬಿ.ಬಿ. ಬೇಕರಿಯಿಂದ ಮೊದಲ್ಗೊಂಡು ಅಯ್ಯಂಗಾರ್ ಬೇಕರಿಗಳು ನಾಡಿನಲ್ಲಿ ಹರಡಿದ ಮೇಲೆ, ಮೊಟ್ಟೆಯಿಲ್ಲದ ಬನ್ನು, ಬ್ರೆಡ್ಡು, ಬೆಣ್ಣೆ ಬಿಸ್ಕತ್ತುಗಳು ಸಸ್ಯಾಹಾರಿ ಮನೆಗಳನ್ನು ನಿರಾತಂಕವಾಗಿ ಪ್ರವೇಶಿಸಿದವು. ಆದರೂ ನಾವು ಮೊಮ್ಮಗಳನ್ನು ಪ್ರಶ್ನಿಸಿದೆವು: "ಇದರಲ್ಲಿ ಹಾಕುವ ಈಸ್ಟ್ ಏನಮ್ಮ?" ಅವಳು ಪಾಠ ಒಪ್ಪಿಸುವಂತೆ ಹೇಳಿದಳು. ಅದು ಅಣಬೆಯ ವರ್ಗಕ್ಕೆ ಸೇರಿದ ಸೂಕ್ಷ್ಮಜೀವಿ. ಹಿಟ್ಟಿನಲ್ಲಿರುವ ಸಕ್ಕರೆಯ ಅಂಶವನ್ನು ತಿಂದು ಇಂಗಾಲದ ಡೈಆಕ್ಸೈಡ್ ಅನಿಲವನ್ನು ಬಿಡುತ್ತದೆ. ಆ ಅನಿಲದಿಂದ ಹಿಟ್ಟು ಉಬ್ಬುತ್ತದೆ. "ನಮ್ಮ ಇಡ್ಲಿ ಹಿಟ್ಟು ಹುದುಗುವುದೂ ಸೂಕ್ಷ್ಮಜೀವಿಗಳಿಂದಲೇ ದೊಡ್ಡತಾತ" ಎಂದಳು. ನಮ್ಮ ಶಂಕೆ ಅಲ್ಲಿಗೆ ನಿವಾರಣೆಯಾಯಿತು. ಆದರೆ ತನ್ನ ಬ್ರೆಡ್ಡು ಏಕೆ ಉಬ್ಬಲಿಲ್ಲವೆಂಬುದು ಅವಳಿಗೆ ಹೊಳೆದಿರಲಿಲ್ಲ.

ಆಗ ಹೊರಗಿನಿಂದ ಒಂದು ಮಾತು ಕೇಳಿಸಿತು. "ನಿನ್ನ ಅಜ್ಜಿ ರಾಗಿ ಒಂದನ್ನೇ ಹಾಕುತ್ತಿರಲಿಲ್ಲ ಮಗು."

ತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. "ಮೂರು ಪಾಲು ಗೋಧಿ, ಒಂದು ಪಾಲು ರಾಗಿ. ರಾಗಿ ತಾನೊಂದೇ ಮೇಲೇಳುವುದಿಲ್ಲ ಅನ್ನುತ್ತಿದ್ದಳು" ಎಂದ. ಮಾತು ನಿಜವೇ. ಗೋಧಿಯ ಹಿಟ್ಟಿಗೆ ನೀರು ಬೆರೆಸಿ ನಾದಿದಾಗ ಗ್ಲುಟೆನ್ ಎಂಬ ಜಿಗುಟು ಉಂಟಾಗುತ್ತದೆ. ಬಲೆಯಂತಿರುವ ಆ ಜಿಗುಟು ಅನಿಲವನ್ನು ಹೊರಹೋಗದಂತೆ ಹಿಡಿದಿಡುತ್ತದೆ. ರಾಗಿಯಲ್ಲಿ ಅದಿಲ್ಲ. ಪೌಷ್ಟಿಕತೆಯಲ್ಲಿ, ಅದರಲ್ಲೂ ಸುಣ್ಣದ ಅಂಶದಲ್ಲಿ ರಾಗಿ ಗೋಧಿಯನ್ನು ಬಹಳಷ್ಟು ಮೀರಿಸುತ್ತದೆ. ಆದರೆ ಉಬ್ಬಬೇಕಾದರೆ ಅದಕ್ಕೆ ಗೋಧಿಯ ಜೊತೆ ಬೇಕು.

ಮೊಮ್ಮಗಳು ತಾತನ ಕೈ ಹಿಡಿದು ಒಳಗೆ ಎಳೆದಳು. ನೀರು ಎಷ್ಟು ಬಿಸಿಯಿರಬೇಕೆಂದು ಅವನೇ ಬೆರಳದ್ದಿ ನೋಡಿದ. ಹೆಚ್ಚು ಕಾದರೆ ಈಸ್ಟ್ ಸಾಯುತ್ತದೆಯೆಂದು ಎಚ್ಚರಿಸಿದ. ಹಿಟ್ಟನ್ನು ಹತ್ತು ನಿಮಿಷ ನಾದಿದವನೂ ಅವನೇ. ಒದ್ದೆ ಬಟ್ಟೆ ಮುಚ್ಚಿ ಇಟ್ಟ ಹಿಟ್ಟು ಆಷಾಢ ಕಳೆದರೂ ಬಿಡದ ತಂಪಿನಲ್ಲಿ ನಿಧಾನವಾಗಿ ಏರಿತು. ಎರಡು ಗಂಟೆ ಕಾಯಬೇಕಾಯಿತು. ಕಾಯುವಷ್ಟು ಹೊತ್ತು ಎಲ್ಲರೂ ಅಡುಗೆಮನೆಯಲ್ಲಿಯೇ ಇದ್ದೆವು. ಅಳಿಯನ ಮೊಬೈಲು ಎಲ್ಲೋ ಮೂಲೆ ಸೇರಿತ್ತು. ಮೊಮ್ಮಗ ಐದೈದು ನಿಮಿಷಕ್ಕೊಮ್ಮೆ ಬಟ್ಟೆ ಸರಿಸಿ ನೋಡುತ್ತಿದ್ದ. ಮತ್ತೆ 200 ಡಿಗ್ರಿ ಶಾಖದಲ್ಲಿ ಮುಕ್ಕಾಲು ಗಂಟೆಯಷ್ಟು ಬೆಂದ ಮೇಲೆ ಕಂದು ಬಣ್ಣದ ಬ್ರೆಡ್ಡು ಹೊರಬಂತು. ತಮ್ಮ ಮೊದಲ ತುಂಡನ್ನು ನಮ್ಮ ಕೈಗಿತ್ತ. "ರಾತ್ರಿಯ ಮಾತು ಮನಸ್ಸಿನಲ್ಲಿಟ್ಟುಕೊಳ್ಳಬೇಡಪ್ಪ, ತಪ್ಪು ನಮ್ಮದು" ಎಂದೆವು. "ಅಣ್ಣಾ, ಬಿಸಿಯಿದೆ, ನಿಧಾನ" ಎಂದಷ್ಟೇ ಅವನ ಉತ್ತರ.

ಭಾನುವಾರ ಮೃಗಾಲಯಕ್ಕೆ ಹೋಗುವುದೆಂದು ಮಕ್ಕಳು ಮೊದಲೇ ನಿಶ್ಚಯಿಸಿದ್ದರು. ತಮ್ಮ ಮೊದಲು ಒಲ್ಲೆನೆಂದ. ಮೃಗಾಲಯಕ್ಕೆ ಹೊಂದಿಕೊಂಡಿರುವ ಕಾರಂಜಿ ಕೆರೆಯ ಬಳಿ ಗಂಡಹೆಂಡಿರು ವಿಹಾರಕ್ಕೆ ಹೋಗುತ್ತಿದ್ದುದುಂಟು. ಆಕೆ ಹೋದ ಮೇಲೆ ಇವನು ಆ ದಿಕ್ಕಿಗೆ ಕಾಲಿಟ್ಟಿರಲಿಲ್ಲ. ಕೊನೆಗೆ ಮೊಮ್ಮಗನ ಕಣ್ಣೀರು ಗೆದ್ದಿತು.

ಮೈಸೂರಿನ ಅರಮನೆಗೆ ಪೂರ್ವದಲ್ಲಿರುವ ಈ ಮೃಗಾಲಯ 1892ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರ ಆಸಕ್ತಿಯಿಂದ ಹುಟ್ಟಿತು. ಆಗ ಅದಕ್ಕೆ ಅರಮನೆಯ ಮೃಗಾಲಯವೆಂದೇ ಹೆಸರು. 1894ರಲ್ಲಿ ಪ್ರಭುಗಳು ಕಾಲವಾದರು; 1909ರಲ್ಲಿ ಅವರ ಹೆಸರನ್ನೇ ಅದಕ್ಕಿಡಲಾಯಿತು. 1979ರಲ್ಲಿ ಸ್ಥಾಪನೆಯಾದ ಕರ್ನಾಟಕ ಮೃಗಾಲಯ ಪ್ರಾಧಿಕಾರ ಈಗ ಇದನ್ನು ನಡೆಸುತ್ತಿದೆ. ಮಂಗಳವಾರ ವಾರದ ರಜೆ. ದೂರದಿಂದ ಬರುವವರು ಇದನ್ನು ನೆನಪಿಡಬೇಕು. ಪ್ಲಾಸ್ಟಿಕ್ ಚೀಲಗಳಿಗೆ ಒಳಗೆ ಪ್ರವೇಶವಿಲ್ಲ. ಹಳೆಯ ಮರಗಳ ನೆರಳು, ಸ್ವಚ್ಛವಾದ ಹಾದಿ, ವಯೋವೃದ್ಧರಿಗೆ ಬ್ಯಾಟರಿ ವಾಹನ, ಎಲ್ಲವೂ ಸಂತೋಷ ತರುವಂತಿವೆ.

ಜಿರಾಫೆಯ ಮುಂದೆ ಮಕ್ಕಳು ಬಹಳ ಹೊತ್ತು ನಿಂತರು. ಅಷ್ಟುದ್ದದ ಕೊರಳಿನಲ್ಲಿಯೂ ಮನುಷ್ಯನಂತೆಯೇ ಏಳೇ ಮೂಳೆಗಳಿರುವುದೆಂದು ಮೊಮ್ಮಗಳು ಓದಿ ಹೇಳಿದಾಗ ನಮಗೂ ಸೋಜಿಗವಾಯಿತು. ಆನೆಗಳ ಬಳಿ ನಾವು ಮಕ್ಕಳಿಗೆ ಹೇಳಿದೆವು: ಕಾಡಿನಲ್ಲಿ ಆನೆಗಳ ಹಿಂಡನ್ನು ನಡೆಸುವುದು ಹಿರಿಯ ಹೆಣ್ಣಾನೆ. ಬರಗಾಲದಲ್ಲಿ ನೀರಿನ ತಾಣ ಎಲ್ಲಿದೆಯೆಂಬುದು ಅದರ ನೆನಪಿನಲ್ಲಿರುತ್ತದೆ. "ನಮ್ಮ ಅಜ್ಜಿ ಹಾಗೆ" ಎಂದ ಮೊಮ್ಮಗ. ತಮ್ಮ ಅವನ ತಲೆ ನೇವರಿಸಿದ.

ಕೋತಿಗಳ ಆವರಣದ ಹತ್ತಿರ ಒಂದು ಸಣ್ಣ ಪ್ರಸಂಗ ನಡೆಯಿತು. ಮೊಮ್ಮಗ ಯಾರಿಗೂ ತಿಳಿಯದಂತೆ ಜೇಬಿನಲ್ಲಿ ಬ್ರೆಡ್ಡಿನ ಒಂದು ಚೂರನ್ನು ತಂದಿದ್ದ. ಅದನ್ನು ಎಸೆಯಲು ಕೈಯೆತ್ತಿದ. ಕಾವಲುಗಾರರು ಓಡಿ ಬಂದು ತಡೆದರು. ಗದರಿಸಲಿಲ್ಲ. ಪ್ರತಿಯೊಂದು ಪ್ರಾಣಿಗೂ ಅದರದೇ ಆಹಾರವಿದೆ, ನಾವು ಪ್ರೀತಿಯಿಂದ ಕೊಟ್ಟ ತಿನಿಸೇ ಅದರ ಹೊಟ್ಟೆ ಕೆಡಿಸುತ್ತದೆ ಎಂದು ತಿಳಿಹೇಳಿದರು. ಅವರ ಮಾತು ಬಾಲಕನಿಗಿಂತ ನಮಗೆ ಹೆಚ್ಚು ನಾಟಿತು. ಕೊಡುವವನ ಪ್ರೀತಿ ಸಾಲದು. ಪಡೆಯುವ ಜೀವಕ್ಕೆ ಏನು ಬೇಕೆಂಬುದನ್ನು ಅರಿಯಬೇಕು. ಶುಕ್ರವಾರ ರಾತ್ರಿ ನಾವು ತಮ್ಮನಿಗೆ ಕೊಟ್ಟ ಉಪದೇಶವೂ ಇಂಥ ಎಸೆತವೇ ಆಗಿತ್ತು.

ಮುಂದೆ ಗೊರಿಲ್ಲಾಗಳ ಆವರಣ. ಮೈಸೂರಿನವರಿಗೆ ಪೋಲೋ ಎಂಬ ಗೊರಿಲ್ಲಾ ನೆನಪಿರಬೇಕು. 1995ರಲ್ಲಿ ಐರ್ಲೆಂಡಿನ ಡಬ್ಲಿನ್ ಮೃಗಾಲಯದಿಂದ ಬಂದ ಅದು ಬಹುಕಾಲ ಭಾರತದ ಏಕೈಕ ಗೊರಿಲ್ಲಾ ಎನಿಸಿಕೊಂಡಿತ್ತು. ಜೊತೆಯೊಂದನ್ನು ತರಬೇಕೆಂಬ ಪ್ರಯತ್ನಗಳು ಕೈಗೂಡಲಿಲ್ಲ. 2014ರಲ್ಲಿ ಅದು ಒಂಟಿಯಾಗಿಯೇ ಕಣ್ಮುಚ್ಚಿತು. ಸೊಪ್ಪು, ಕಾಂಡ, ಹಣ್ಣುಗಳನ್ನು ತಿಂದು ಬದುಕುವ ಈ ಪ್ರಾಣಿ ಆಫ್ರಿಕದ ಕಾಡುಗಳಲ್ಲಿ ಕುಟುಂಬ ಕಟ್ಟಿಕೊಂಡು ಬಾಳುತ್ತದೆ; ಬೆನ್ನಿನ ಕೂದಲು ಬೆಳ್ಳಗಾದ ಹಿರಿಯ ಗಂಡು ಇಡೀ ಗುಂಪಿನ ರಕ್ಷಕ. ಹಾಗೆ ಬಾಳಬೇಕಾದ ಜೀವ ಇಲ್ಲಿ ಏಕಾಂಗಿಯಾಗಿ ದಿನ ಕಳೆಯಿತು. ಆಹಾರಕ್ಕೆ, ಆರೈಕೆಗೆ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಸಂಗಕ್ಕೆ. 2021ರ ಆಗಸ್ಟ್‌ನಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಎಂಬ ಎರಡು ಗಂಡು ಗೊರಿಲ್ಲಾಗಳನ್ನು ಒಟ್ಟಿಗೇ ತರಲಾಯಿತು.

ತಮ್ಮ ಕಂಬಿಯನ್ನು ಹಿಡಿದು ನಿಂತ. ತುಂತುರು ಮಳೆ ಹನಿಯುತ್ತಿತ್ತು. ನಾವು ಏನೂ ಮಾತನಾಡಲಿಲ್ಲ. ಸುಮ್ಮನೆ ಪಕ್ಕದಲ್ಲಿ ನಿಂತೆವು. ಸ್ವಲ್ಪ ಹೊತ್ತಿಗೆ ಅವನೇ ಹೇಳಿದ: "ಅಣ್ಣಾ, ಪೋಲೋ ಇದ್ದಾಗ ನಾವಿಬ್ಬರೂ ಇಲ್ಲಿ ಬಂದು ನಿಲ್ಲುತ್ತಿದ್ದೆವು. ಪಾಪ, ಇವನಿಗೂ ಮಾತಾಡೋಕೆ ಒಬ್ಬರು ಬೇಕಿತ್ತು ಅಂತ ಅವಳು ಅನ್ನುತ್ತಿದ್ದಳು. ಆಗ ನನಗೆ ನಗು ಬರುತ್ತಿತ್ತು." ಆಮೇಲೆ ಮಾತು ತಾನಾಗಿಯೇ ಹರಿಯಿತು. ಆಸ್ಪತ್ರೆಯ ಕೊನೆಯ ದಿನಗಳು, ಆಕೆ ಕೊನೆಗೆ ಕೇಳಿದ್ದು, ತಾನು ಹೇಳಲಾಗದೆ ಉಳಿಸಿಕೊಂಡದ್ದು, ಎಲ್ಲವನ್ನೂ ಹೇಳಿದ. ಎಂಟು ತಿಂಗಳು ಯಾರ ಮುಂದೆಯೂ ಆಡದ ಮಾತುಗಳವು. ನಾವು ಆಲಿಸಿದೆವು. ಅಷ್ಟು ಮೌನವಾಗಿ ನಾವು ಯಾರ ಮಾತನ್ನೂ ಆಲಿಸಿದ್ದು ನೆನಪಿಲ್ಲ. ಪ್ರವಚನಕಾರರ ದೊಡ್ಡ ದೋಷವೇ ಅದು.

ಮರಳುವಾಗ ತಮ್ಮ ಮೃಗಾಲಯದ ದತ್ತು ಯೋಜನೆಯ ವಿಚಾರ ಕೇಳಿಕೊಂಡು ಬಂದ. 2001ರಿಂದ ಅಲ್ಲಿ ಈ ವ್ಯವಸ್ಥೆಯಿದೆ. ಯಾರು ಬೇಕಾದರೂ ಒಂದು ಪ್ರಾಣಿಯ ಅಥವಾ ಪಕ್ಷಿಯ ಪೋಷಣೆಯ ವೆಚ್ಚವನ್ನು ನಿಗದಿತ ಅವಧಿಗೆ ವಹಿಸಿಕೊಳ್ಳಬಹುದು. ಪ್ರಾಣಿಯ ಗಾತ್ರ, ಆಹಾರಗಳಿಗೆ ತಕ್ಕಂತೆ ಮೊತ್ತ ಬೇರೆ ಬೇರೆ. ಪತ್ನಿಯ ಪ್ರಥಮ ಪುಣ್ಯಸ್ಮರಣೆಯ ಹೊತ್ತಿಗೆ ಅವಳ ಹೆಸರಿನಲ್ಲಿ ಒಂದು ಪಕ್ಷಿಯನ್ನು ಪೋಷಿಸುವುದೆಂದು ನಿಶ್ಚಯಿಸಿದ. ಬಲಿಗೆ ತಂದ ಕುರಿಯನ್ನು ಕಂಡು ಮರುಗಿದ ಬಸವಣ್ಣನವರ ಪರಂಪರೆಯ ಮನೆಗಳಲ್ಲಿ ಇಂಥ ದಾಸೋಹವೂ ನಡೆಯಲೆಂದು ನಮ್ಮ ಆಶಯ.

ಅಂದು ಸಂಜೆ ಉಳಿದ ಬ್ರೆಡ್ಡಿಗೆ ಬೆಣ್ಣೆ ಸವರಿ ಎಲ್ಲರೂ ನಡುಮನೆಯಲ್ಲಿ ಕುಳಿತೆವು. ತಮ್ಮ ದೂರದರ್ಶನವನ್ನು ಹಾಕಿದ. ನಾವು ಬಾಗಿಲ ಬಳಿ ನಿಂತಿದ್ದೆವು. "ಅಣ್ಣಾ, ಈ ಕುರ್ಚಿ ಖಾಲಿಯಿದೆ, ಬಾ, ಕೂತುಕೋ" ಎಂದು ಬೆತ್ತದ ಕುರ್ಚಿಯನ್ನು ತೋರಿಸಿದ. ನಾವು ಕುಳಿತೆವು. ಪರದೆಯ ಮೇಲೆ ಏನು ಬರುತ್ತಿತ್ತೆಂದು ಈಗ ನೆನಪಿಲ್ಲ. ಅರ್ಧ ಗಂಟೆಯ ಮೇಲೆ ಅವನೇ ಅದನ್ನು ಆರಿಸಿ, "ಊಟಕ್ಕೆ ಏಳೋಣ" ಎಂದ. ಅಂದು ರಾತ್ರಿ ಪಂಕ್ತಿಯಲ್ಲಿ ಏಳು ತಟ್ಟೆಗಳಿದ್ದವು. ಏಳನೆಯದು ಆ ತಾಯಿಯ ನೆನಪಿಗೆಂದು ಮಗಳು ಇಟ್ಟ ಎಡೆ.

ಸೋಮವಾರ ನಾವು ಊರಿಗೆ ಮರಳಿ ಪ್ರವಚನವನ್ನು ಮುಂದುವರಿಸಿದೆವು. ಆ ಸಂಜೆ ಹೆಚ್ಚು ಮಾತನಾಡಲಾಗಲಿಲ್ಲ. ಓದುಗ ಶರಣರಲ್ಲಿ ನಮ್ಮ ವಿನಂತಿ ಇಷ್ಟೇ: ನಿಮ್ಮ ಬಂಧುಬಳಗದಲ್ಲಿಯೂ ಇಂಥ ಒಂಟಿ ಮನೆಯೊಂದು ಇದ್ದೀತು. ಮುಂದಿನ ರಜೆಯಲ್ಲಿ ಅಲ್ಲಿಗೊಮ್ಮೆ ಹೋಗಿ ಬನ್ನಿ. ಅಲ್ಲಿ ದೂರದರ್ಶನ ದಿನವಿಡೀ ಮಾತನಾಡುತ್ತಿದ್ದರೆ ಅದನ್ನು ಆರಿಸುವ ಅವಸರ ಬೇಡ; ಮೊದಲು ಪಕ್ಕದಲ್ಲಿ ಕುಳಿತುಕೊಳ್ಳಿ. ಆರಿಸುವ ಕಾಲ ಬಂದಾಗ ಅವರೇ ಆರಿಸುತ್ತಾರೆ.